ಪಾಸ್‌ವರ್ಡ್ ಸರಿ ಇದ್ದರೂ ಬ್ರೌಸರ್ ಮತ್ತೆ ಮತ್ತೆ ಕೇಳೋದ್ಯಾಕೆ?

ಪ್ರಶ್ನೆ: ನಾನು ದಾವಣಗೆರೆಯ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಆಫೀಸ್ ಕೊಟ್ಟ ಲ್ಯಾಪ್‌ಟಾಪ್, ವಿಂಡೋಸ್ 11. ವಿಪಿಎನ್ ಹಾಕಿಕೊಂಡು ಕಂಪನಿಯ ರಜೆ ಪೋರ್ಟಲ್ ತೆರೆದರೆ ಎಡ್ಜ್‌ನಲ್ಲಿ ಏನೂ ಕೇಳದೆ ತೆರೆದುಕೊಳ್ಳುತ್ತದೆ. ಫೈರ್‌ಫಾಕ್ಸ್‌ನಲ್ಲಿ ಮಾತ್ರ ಪುಟ ಬರುವ ಮೊದಲೇ ಚಿಕ್ಕ ಬಾಕ್ಸ್ ಬಂದು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಮೊದಲೂ ಕೇಳುತ್ತಿತ್ತು, ಆದರೆ ಅದೇ ತುಂಬಿಕೊಂಡಿರುತ್ತಿತ್ತು, ಓಕೆ ಒತ್ತಿದರೆ ಸಾಕಾಗಿತ್ತು. ಹೋದ ವಾರ ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಏನು ಹಾಕಿದರೂ ಮತ್ತೆ ಅದೇ ಬಾಕ್ಸ್. ಹಳೇದು, ಹೊಸದು ಎಲ್ಲ ಹಾಕಿ ನೋಡಿದೆ. ಕ್ಯಾನ್ಸಲ್ ಒತ್ತಿದರೆ 401 ಅಂತ ಬರುತ್ತದೆ. ಅಕೌಂಟ್ ಲಾಕ್ ಆಗುತ್ತಿದೆ. ಹೆಲ್ಪ್‌ಡೆಸ್ಕ್‌ನವರು ಅನ್‌ಲಾಕ್ ಮಾಡಿ ‘ನಮ್ಮ ಕಡೆ ಎಲ್ಲ ಸರಿ ಇದೆ’ ಅಂತಾರೆ. ಕುಕೀ ಅಳಿಸಿದೆ, ಫೈರ್‌ಫಾಕ್ಸನ್ನೇ ತೆಗೆದು ಮತ್ತೆ ಹಾಕಿದೆ. ಇನ್ನೇನು ಮಾಡಲಿ?

ಉತ್ತರ:

ಮೊದಲು ಒಂದು ಕೆಲಸ ಮಾಡಿ. ಆ ಬಾಕ್ಸ್‌ಗೆ ಪಾಸ್‌ವರ್ಡ್ ಹಾಕೋದನ್ನು ಸದ್ಯಕ್ಕೆ ನಿಲ್ಲಿಸಿ. ನೀವು ಒತ್ತುವ ಒಂದೊಂದು ಓಕೆಯೂ ಕಂಪನಿಯ ಡೊಮೇನ್ ಕಂಟ್ರೋಲರ್‌ವರೆಗೆ, ಅಂದರೆ ಎಲ್ಲರ ಅಕೌಂಟ್ ಮತ್ತು ಪಾಸ್‌ವರ್ಡ್ ಪರೀಕ್ಷಿಸುವ ಮುಖ್ಯ ಸರ್ವರ್‌ವರೆಗೆ, ಹೋಗುತ್ತದೆ. ಕಂಪನಿ ಇಟ್ಟ ಮಿತಿ ದಾಟಿದ ಕೂಡಲೇ ಅಕೌಂಟ್ ಲಾಕ್. ಲಾಕ್ ಆದ ಮೇಲೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ಬರುವುದು ಅದೇ ಬಾಕ್ಸ್.

ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಪಾಸ್‌ವರ್ಡ್ ತಪ್ಪಾದರೂ ಅದೇ ಬಾಕ್ಸ್, ಅಕೌಂಟ್ ಲಾಕ್ ಆಗಿದ್ದರೂ ಅದೇ ಬಾಕ್ಸ್, ಲಾಗಿನ್ ಆಗುವ ವಿಧಾನವನ್ನೇ ಸರ್ವರ್ ಒಪ್ಪದಿದ್ದರೂ ಅದೇ ಬಾಕ್ಸ್. ಕಾರಣ ಯಾವುದು ಅಂತ ಅದು ಹೇಳುವುದಿಲ್ಲ. ಹಾಗಾಗಿ ಎಲ್ಲರೂ ಪಾಸ್‌ವರ್ಡನ್ನೇ ಅನುಮಾನಿಸುತ್ತಾರೆ, ಮತ್ತೆ ಮತ್ತೆ ಹಾಕುತ್ತಾರೆ. ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ. ನಿಮಗೆ ಆಗಿರುವುದೂ ಇದೇ ಅನಿಸುತ್ತದೆ: ಎರಡು ಬೇರೆ ಬೇರೆ ತೊಂದರೆಗಳು ಒಂದೇ ಬಾಕ್ಸ್‌ನ ಹಿಂದೆ ಸೇರಿಕೊಂಡಿವೆ.

ಆ ಬಾಕ್ಸ್ ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಉಳಿದದ್ದು ಸುಲಭ. ಬ್ಯಾಂಕ್ ಅಥವಾ ಇಮೇಲ್ ಸೈಟ್‌ನಲ್ಲಿ ಲಾಗಿನ್ ಪುಟ ಆ ವೆಬ್‌ಸೈಟ್‌ನದೇ. ಅಲ್ಲಿ ಒಳಗೆ ಹೋದ ಮೇಲೆ ಗುರುತಿಗೆ ಕುಕೀ ಕೊಡುತ್ತಾರೆ. ಅಲ್ಲಿ ಕುಕೀ ಅಳಿಸಿದರೆ ಉಪಯೋಗ ಉಂಟು. ನಿಮ್ಮ ಪೋರ್ಟಲ್ ಹಾಗಲ್ಲ. ಅದು ಪುಟ ಕೊಡುವ ಮೊದಲೇ 401 ಎಂಬ ಉತ್ತರ ಕಳಿಸಿ, ‘ನೀವು ಯಾರು ಅಂತ ಈ ವಿಧಾನದಲ್ಲಿ ತೋರಿಸಿ’ ಅಂತ ಬ್ರೌಸರ್‌ಗೆ ಹೇಳುತ್ತದೆ. ಬ್ರೌಸರ್‌ಗೆ ಸಾಧ್ಯವಾದರೆ ನಿಮ್ಮನ್ನು ಕೇಳದೆ ವಿಂಡೋಸ್ ಲಾಗಿನ್‌ನಿಂದಲೇ ಗುರುತು ತೋರಿಸುತ್ತದೆ. ಆಗದಿದ್ದರೆ ತಾನೇ ಒಂದು ಬಾಕ್ಸ್ ತೆರೆದು ನಿಮ್ಮನ್ನು ಕೇಳುತ್ತದೆ. ಅಂದರೆ ಆ ಬಾಕ್ಸ್ ಪೋರ್ಟಲ್‌ನದಲ್ಲ, ಫೈರ್‌ಫಾಕ್ಸ್‌ನದು. ಇದರಲ್ಲಿ ಕುಕೀಯ ಪಾತ್ರವೇ ಇಲ್ಲ. ಫೈರ್‌ಫಾಕ್ಸ್ ತೆಗೆದು ಮತ್ತೆ ಹಾಕಿದ್ದೂ ದಂಡವಾಯಿತು. ಪ್ರೋಗ್ರಾಂ ತೆಗೆದರೂ ನಿಮ್ಮ ಪ್ರೊಫೈಲ್ ಫೋಲ್ಡರ್ ಹಾಗೇ ಉಳಿದಿರುತ್ತದೆ. ಉಳಿಸಿದ ಪಾಸ್‌ವರ್ಡ್‌ಗಳೂ ಸೆಟ್ಟಿಂಗ್‌ಗಳೂ ಅದರೊಳಗೇ ಇರುತ್ತವೆ.

ಇಲ್ಲಿ ಒಂದು ಎಚ್ಚರಿಕೆ. 401 ಅನ್ನುವುದು ಎಲ್ಲ ಸಲವೂ ತಪ್ಪಲ್ಲ. ಇಂಥ ಸೈಟ್‌ಗಳಲ್ಲಿ ಮೊದಲ ಉತ್ತರ 401 ಆಗಿರುವುದೇ ಸರಿ. ಮಾತುಕತೆ ಅಲ್ಲಿಂದಲೇ ಶುರುವಾಗಬೇಕು. ಅದು 401ರಲ್ಲೇ ನಿಂತುಬಿಟ್ಟರೆ ಆಗ ತೊಂದರೆ.

ಈಗ ಆ ಮಾತುಕತೆಯನ್ನೇ ಹತ್ತಿರದಿಂದ ನೋಡೋಣ. ಫೈರ್‌ಫಾಕ್ಸ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಆಮೇಲೆ ಪೋರ್ಟಲ್ ವಿಳಾಸ ಹಾಕಿ. ಬಾಕ್ಸ್ ಬಂದರೆ ಏನೂ ತುಂಬದೆ ಕ್ಯಾನ್ಸಲ್ ಒತ್ತಿ. 401 ಇರುವ ಮೊದಲ ಸಾಲನ್ನು ಕ್ಲಿಕ್ ಮಾಡಿದರೆ ಬಲಗಡೆ ಸರ್ವರ್ ಕಳಿಸಿದ ಹೆಡರ್‌ಗಳು, ಅಂದರೆ ಉತ್ತರದ ಜೊತೆ ಬರುವ ಮಾಹಿತಿಯ ಸಾಲುಗಳು, ಕಾಣುತ್ತವೆ. ಅದರಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು-ಆಥೆಂಟಿಕೇಟ್ ಅನ್ನುವ ಸಾಲು ಹುಡುಕಿ. ಒಂದಕ್ಕಿಂತ ಜಾಸ್ತಿಯೂ ಇರಬಹುದು. ಅದರ ಮುಂದೆ ನೆಗೋಶಿಯೇಟ್, ಎನ್‌ಟಿಎಲ್‌ಎಂ, ಬೇಸಿಕ್ ಇವುಗಳಲ್ಲಿ ಯಾವುದಿದೆ ಅಂತ ಬರೆದಿಟ್ಟುಕೊಳ್ಳಿ.

ಬೇಸಿಕ್ ಅಂತ ಮಾತ್ರ ಇದ್ದು, ವಿಳಾಸ ಎಚ್‌ಟಿಟಿಪಿ‌ಎಸ್ ಅಲ್ಲದೆ ಬರೀ ಎಚ್‌ಟಿಟಿಪಿ ಆಗಿದ್ದರೆ ದಯವಿಟ್ಟು ಪಾಸ್‌ವರ್ಡ್ ಹಾಕಲೇಬೇಡಿ. ಬೇಸಿಕ್ ವಿಧಾನದಲ್ಲಿ ಪಾಸ್‌ವರ್ಡ್ ಬೇಸ್64 ರೂಪಕ್ಕೆ ಬದಲಾಗಿ ಹೋಗುತ್ತದೆ, ಅಷ್ಟೇ. ಅದು ಗೂಢಲಿಪಿ ಅಲ್ಲ. ದಾರಿಯಲ್ಲಿ ನೋಡಿದವರು ಯಾರು ಬೇಕಾದರೂ ಓದಬಹುದು.

ನಿಮ್ಮ ಪೋರ್ಟಲ್‌ನಲ್ಲಿ ಬಹುಶಃ ನೆಗೋಶಿಯೇಟ್ ಮತ್ತು ಎನ್‌ಟಿಎಲ್‌ಎಂ ಎರಡೂ ಇರುತ್ತವೆ. ವಿಂಡೋಸ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ನೆಗೋಶಿಯೇಟ್ ಅಂದರೆ ‘ಮೊದಲು ಕರ್ಬರಾಸ್ ನೋಡು, ಆಗದಿದ್ದರೆ ಎನ್‌ಟಿಎಲ್‌ಎಂಗೆ ಇಳಿ’ ಅಂತ.

ಕರ್ಬರಾಸ್ ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ಎಂಐಟಿಯ ಅಥೀನಾ ಯೋಜನೆಯಲ್ಲಿ. ವಿಂಡೋಸ್ 2000ದಿಂದ ಮೈಕ್ರೋಸಾಫ್ಟ್ ಡೊಮೇನ್‌ಗಳಲ್ಲಿ ಅದೇ ಮೊದಲ ಆಯ್ಕೆ. ಅದರ ಕೆಲಸ ಬಸ್ಸಿನ ದಿನದ ಪಾಸ್ ಇದ್ದ ಹಾಗೆ. ಬೆಳಿಗ್ಗೆ ವಿಂಡೋಸ್‌ಗೆ ಲಾಗಿನ್ ಆದಾಗ ಡೊಮೇನ್ ಕಂಟ್ರೋಲರ್ ಒಂದು ಮೂಲ ಟಿಕೆಟ್ ಕೊಡುತ್ತದೆ. ಅದನ್ನು ತೋರಿಸಿ ಒಂದೊಂದು ಸೈಟ್‌ಗೂ ಬೇರೆ ಟಿಕೆಟ್ ಪಡೆಯಬಹುದು. ಪಾಸ್‌ವರ್ಡ್ ಮತ್ತೆ ಬೇಕಿಲ್ಲ. ಮೂಲ ಟಿಕೆಟ್‌ನ ಆಯಸ್ಸು ಸಾಮಾನ್ಯವಾಗಿ 10 ಗಂಟೆ. 7 ದಿನದವರೆಗೆ ನವೀಕರಿಸಬಹುದು.

ಎನ್‌ಟಿಎಲ್‌ಎಂ ಅದಕ್ಕಿಂತ ಹಳೆಯದು. ಅದರಲ್ಲಿ ಟಿಕೆಟ್ ಇಲ್ಲ. ಸರ್ವರ್ ಒಂದು ಸವಾಲು ಕಳಿಸುತ್ತದೆ, ಬ್ರೌಸರ್ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ ಉತ್ತರ ಕೊಡುತ್ತದೆ, ಸರ್ವರ್ ಆ ಉತ್ತರ ಸರಿಯಾ ಅಂತ ಡೊಮೇನ್ ಕಂಟ್ರೋಲರ್‌ನ್ನು ಕೇಳುತ್ತದೆ. ಪ್ರತಿ ಹೊಸ ಸಂಪರ್ಕಕ್ಕೂ ಇದು ಮತ್ತೆ ಆಗಬೇಕು.

ಈಗ ನಿಮ್ಮ ಒಗಟು ಬಿಡಿಸೋಣ. ಎಡ್ಜ್‌ನಲ್ಲಿ ಪುಟ ತೆರೆಯುತ್ತಿರುವುದು ಬಹುಶಃ ಕರ್ಬರಾಸ್ ಟಿಕೆಟ್‌ನಿಂದ. ಈಗಾಗಲೇ ಕೈಯಲ್ಲಿರುವ ಟಿಕೆಟ್‌ಗೆ ಅಕೌಂಟ್ ಲಾಕ್ ಆಗಿದ್ದು ಗೊತ್ತಾಗುವುದಿಲ್ಲ. ಅವಧಿ ಮುಗಿಯುವವರೆಗೆ ಅದು ನಡೆಯುತ್ತದೆ. ಹಾಗಾಗಿ ಎಡ್ಜ್ ನಡೆಯುತ್ತಿದೆ ಅಂದ ಮಾತ್ರಕ್ಕೆ ಅಕೌಂಟ್ ಸರಿ ಇದೆ ಅಂತ ಅರ್ಥವಲ್ಲ. ಪೋರ್ಟಲ್ ಸರಿ ಇದೆ ಅಂತ ಮಾತ್ರ ಅರ್ಥ. ಹೆಲ್ಪ್‌ಡೆಸ್ಕ್‌ನವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು.

ಫೈರ್‌ಫಾಕ್ಸ್ ಕಥೆ ಬೇರೆ. ‘ಈ ಸೈಟ್ ನಂಬಿಕಸ್ಥ’ ಅಂತ ಯಾರಾದರೂ ಹೇಳದ ಹೊರತು ಅದು ಕರ್ಬರಾಸ್ ಟಿಕೆಟ್ ತೋರಿಸುವುದಿಲ್ಲ. ನೆಗೋಶಿಯೇಟ್ ಸಾಲನ್ನು ಬಿಟ್ಟು ಮುಂದಿನ ಎನ್‌ಟಿಎಲ್‌ಎಂ ಸಾಲಿಗೆ ಹೋಗುತ್ತದೆ, ಅದಕ್ಕಾಗಿ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಇಷ್ಟು ದಿನ ಉಳಿಸಿಟ್ಟ ಪಾಸ್‌ವರ್ಡ್ ತುಂಬಿಕೊಂಡಿರುತ್ತಿತ್ತು, ನೀವು ಓಕೆ ಒತ್ತುತ್ತಿದ್ದಿರಿ, ನಡೆಯುತ್ತಿತ್ತು. ಪಾಸ್‌ವರ್ಡ್ ಬದಲಾದ ಮೇಲೂ ತುಂಬಿಕೊಳ್ಳುತ್ತಿರುವುದು ಆ ಹಳೆಯದೇ. ನೀವು ಹೊಸದು, ಹಳೇದು, ಅದಕ್ಕೂ ಹಳೇದು ಎಲ್ಲ ಹಾಕಿ ನೋಡಿದಿರಿ. ಅಷ್ಟರಲ್ಲಿ ಲಾಕ್ ಆಯಿತು. ಆಮೇಲೆ ಸರಿಯಾದದ್ದು ಹಾಕಿದರೂ ಬಾಗಿಲು ತೆರೆಯಲಿಲ್ಲ.

ಇನ್ನೊಂದು ಸಾಧ್ಯತೆಯೂ ಇದೆ, ಅದನ್ನು ತಳ್ಳಿಹಾಕಬೇಡಿ. ನಿಮ್ಮ ಕಂಪನಿ ಈಚೆಗೆ ಎನ್‌ಟಿಎಲ್‌ಎಂ ಮುಚ್ಚಿರಬಹುದು. 2024ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಎನ್‌ಟಿಎಲ್‌ಎಂನ ಎಲ್ಲ ಆವೃತ್ತಿಗಳನ್ನೂ ಕೈಬಿಡುವ ತಂತ್ರಜ್ಞಾನಗಳ ಪಟ್ಟಿಗೆ ಸೇರಿಸಿತು. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಎನ್‌ಟಿಎಲ್‌ಎಂ ಮೊದಲ ಆವೃತ್ತಿಯನ್ನು ತೆಗೆದೇಬಿಟ್ಟರು. ಎಷ್ಟೋ ಐಟಿ ತಂಡಗಳು ಈಗ ಒಂದೊಂದೇ ಸರ್ವರ್‌ನಲ್ಲಿ ಅದನ್ನು ನಿಲ್ಲಿಸುತ್ತಿವೆ. ಹಾಗೆ ಮಾಡಿಯೂ ಸರ್ವರ್‌ನ 401 ಉತ್ತರದಲ್ಲಿ ಎನ್‌ಟಿಎಲ್‌ಎಂ ಹೆಸರು ಹಾಗೇ ಉಳಿದಿದ್ದರೆ, ಬ್ರೌಸರ್ ಕೇಳುತ್ತಲೇ ಇರುತ್ತದೆ, ಒಳಗಿನವರು ಒಪ್ಪುವುದೇ ಇಲ್ಲ. ಆಗ ನೀವು ಎಂಥ ಪಾಸ್‌ವರ್ಡ್ ಹಾಕಿದರೂ ಅಷ್ಟೇ.

ಎರಡಕ್ಕೂ ಪರಿಹಾರ ಒಂದೇ ದಿಕ್ಕಿನದು: ಫೈರ್‌ಫಾಕ್ಸ್ ಕೂಡ ಕರ್ಬರಾಸ್ ಬಳಸುವಂತೆ ಮಾಡುವುದು, ಹಳೆಯ ಪಾಸ್‌ವರ್ಡ್‌ಗಳನ್ನು ಗುಡಿಸಿ ಹಾಕುವುದು. ಗುಡಿಸುವ ಕೆಲಸ ಮೊದಲು ಮಾಡಿ. ಇಲ್ಲದಿದ್ದರೆ ಅನ್‌ಲಾಕ್ ಮಾಡಿಸಿದ್ದು ಮತ್ತೆ ಲಾಕ್ ಆಗುತ್ತದೆ.

ಫೈರ್‌ಫಾಕ್ಸ್‌ನ ಮೆನುವಿನಲ್ಲಿ ಪಾಸ್‌ವರ್ಡ್‌ಗಳು ಅನ್ನುವ ಜಾಗಕ್ಕೆ ಹೋಗಿ ಪೋರ್ಟಲ್ ಹೆಸರು ಹುಡುಕಿ. ಈ ಬಾಕ್ಸ್‌ನಲ್ಲಿ ಹಾಕಿದ ಪಾಸ್‌ವರ್ಡ್‌ಗಳೂ ಅಲ್ಲೇ ಉಳಿಯುತ್ತವೆ. ಚಿಕ್ಕ ಹೆಸರು (ಒಂದೇ ಪದದ್ದು), ಪೂರ್ತಿ ಹೆಸರು (ನಡುವೆ ಚುಕ್ಕಿ ಇರುವುದು) ಅಂತ ಎರಡು ನಮೂದು ಇರಬಹುದು. ಎರಡನ್ನೂ ಅಳಿಸಿ. ಆಮೇಲೆ ವಿಂಡೋಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆಯಿರಿ. ಅದರೊಳಗೆ ವಿಂಡೋಸ್ ಕ್ರೆಡೆನ್ಶಿಯಲ್ಸ್ ಅಂತಿದೆ. ಯಾವಾಗಲೋ ‘ನೆನಪಿಟ್ಟುಕೋ’ ಅಂತ ಟಿಕ್ ಹಾಕಿದ್ದೆಲ್ಲ ಇಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಪೋರ್ಟಲ್, ಫೈಲ್ ಸರ್ವರ್, ಪ್ರಿಂಟರ್ ಸರ್ವರ್ ಹೆಸರಿನಲ್ಲಿ ಹಳೆಯ ನಮೂದು ಕಂಡರೆ ತೆಗೆಯಿರಿ.

ಲಾಕ್ ಬಗ್ಗೆ ಒಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ನಿಮ್ಮ ತೀರಾ ಈಚಿನ ಹಳೆ ಪಾಸ್‌ವರ್ಡ್ ಬಂದರೆ ವಿಂಡೋಸ್ ಡೊಮೇನ್ ಸಾಮಾನ್ಯವಾಗಿ ಅದನ್ನು ತಪ್ಪುಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಸ್‌ವರ್ಡ್ ಬದಲಾಯಿಸಿದ ಕೂಡಲೇ ಎಲ್ಲರೂ ಲಾಕ್ ಆಗಿಬಿಡಬಾರದು ಅಂತ ಹಾಗೆ ಮಾಡಿದ್ದಾರೆ. ಅದಕ್ಕಿಂತ ತುಂಬಾ ಹಳೆಯದು ಬಂದರೆ ಮಾತ್ರ ಬಿಡುವುದಿಲ್ಲ. ಹಾಗಾಗಿ ನೀವು ಏನೂ ಮುಟ್ಟದೆ ಇದ್ದಾಗಲೂ ಅಕೌಂಟ್ ಲಾಕ್ ಆಗುತ್ತಿದ್ದರೆ, ತಿಂಗಳುಗಳ ಹಿಂದಿನ ಪಾಸ್‌ವರ್ಡ್ ಇಟ್ಟುಕೊಂಡಿರುವ ಯಂತ್ರ ಯಾವುದು ಅಂತ ಹುಡುಕಬೇಕು. ಆಫೀಸ್ ಮೇಲ್ ಹಾಕಿಕೊಂಡಿದ್ದ ಹಳೇ ಫೋನ್, ಆಫೀಸ್ ವೈ-ಫೈಗೆ ಸೇರಿಸಿದ್ದ ಟ್ಯಾಬ್, ಇನ್ನೊಂದು ಕಂಪ್ಯೂಟರ್‌ನಲ್ಲಿ ಲಾಗ್ ಆಫ್ ಮಾಡದೆ ಬಿಟ್ಟ ರಿಮೋಟ್ ಸೆಷನ್. ನೀವೇ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡೊಮೇನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4740 ಅನ್ನುವ ಈವೆಂಟ್ ಇರುತ್ತದೆ. ಯಾವ ಯಂತ್ರದಿಂದ ಲಾಕ್ ಆಯಿತು ಅಂತ ಅದರಲ್ಲೇ ಬರೆದಿರುತ್ತದೆ. ಹೆಲ್ಪ್‌ಡೆಸ್ಕ್‌ನವರಿಂದ ಆ ಹೆಸರು ಕೇಳಿ ಪಡೆಯಿರಿ. ಬರೀ ಅನ್‌ಲಾಕ್ ಮಾಡಿ ಕಳಿಸುವುದು ಸಾಲದು.

ಮನೆಯಿಂದ ಕೆಲಸ ಮಾಡುವವರಿಗೆ ಇನ್ನೊಂದು ಸಿಕ್ಕು ಇರುತ್ತದೆ. ನೀವು ಪಾಸ್‌ವರ್ಡ್ ಬದಲಾಯಿಸಿದ್ದು ಕಂಪನಿಯ ಯಾವುದೋ ವೆಬ್ ಪುಟದಲ್ಲಿ ಅಂತಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ಗೆ ಆ ಸುದ್ದಿ ತಲುಪಿರುವುದಿಲ್ಲ. ಮನೆಯಲ್ಲಿ ಆನ್ ಮಾಡಿದಾಗ ಡೊಮೇನ್ ಕಂಟ್ರೋಲರ್ ಕೈಗೆ ಸಿಗದ ಕಾರಣ ಅದು ತಾನು ನೆನಪಿಟ್ಟುಕೊಂಡ ಹಳೆಯ ಪಾಸ್‌ವರ್ಡ್‌ನಿಂದಲೇ ನಿಮ್ಮನ್ನು ಒಳಗೆ ಬಿಡುತ್ತದೆ. ನೀವು ಆಮೇಲೆ ವಿಪಿಎನ್ ಹಾಕಿಕೊಂಡರೂ ಆ ಸೆಷನ್ ಕೈಯಲ್ಲಿರುವುದು ಹಳೆಯ ಗುರುತೇ. ಇದಕ್ಕೆ ಮದ್ದು ಸರಳ. ವಿಪಿಎನ್ ಪೂರ್ತಿ ಸೇರಿಕೊಂಡ ಮೇಲೆ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡಿ. ಹೊಸ ಪಾಸ್‌ವರ್ಡ್ ಹಾಕಿ ತೆರೆಯಿರಿ. ವಿಪಿಎನ್ ಮೂಲಕ ಡೊಮೇನ್ ಕಂಟ್ರೋಲರ್ ಸಿಗುತ್ತಿದ್ದರೆ ಆಗ ಲ್ಯಾಪ್‌ಟಾಪ್ ಹೊಸದನ್ನು ಕಲಿಯುತ್ತದೆ, ತಾಜಾ ಟಿಕೆಟ್ ಪಡೆಯುತ್ತದೆ. ಪಿನ್ ಅಥವಾ ಬೆರಳಚ್ಚಿನಿಂದ ತೆರೆಯಬೇಡಿ, ಈ ಒಂದು ಸಲ ಪಾಸ್‌ವರ್ಡನ್ನೇ ಹಾಕಿ. ಎಷ್ಟೋ ಜನರ ತೊಂದರೆ ಇಷ್ಟಕ್ಕೇ ಮುಗಿದುಹೋಗುತ್ತದೆ. ಪಾಸ್‌ವರ್ಡ್ ಬದಲಾಯಿಸಿ ಅಂತ ಮೇಲ್ ಕಳಿಸುವ ಕಂಪನಿಗಳು ಈ ಒಂದು ಸಾಲನ್ನೂ ಅದರಲ್ಲೇ ಸೇರಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದನ್ನೂ ನೋಡಿಕೊಳ್ಳಿ. ಕೀಬೋರ್ಡ್ ಕನ್ನಡದಲ್ಲೇ ಉಳಿದಿದ್ದರೆ ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆ ಕಾಣುತ್ತದೆ, ಹೋಗುವುದು ಕನ್ನಡ ಅಕ್ಷರ. ಟಾಸ್ಕ್‌ಬಾರ್‌ನಲ್ಲಿ ಭಾಷೆ ಇಂಗ್ಲಿಷ್ ಇದೆಯಾ ನೋಡಿ. ಇಲ್ಲದಿದ್ದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಬದಲಾಯಿಸಿ.

ಈಗ ಟಿಕೆಟ್ ಬಂದಿದೆಯಾ ಅಂತ ಕಣ್ಣಾರೆ ನೋಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಕೆಲಿಸ್ಟ್ ಅಂತ ಹಾಕಿ. ಇಂಗ್ಲಿಷ್‌ನ ಕೆ ಅಕ್ಷರ, ಅದಕ್ಕೆ ಅಂಟಿಕೊಂಡೇ ಲಿಸ್ಟ್. ಎಂಟರ್ ಒತ್ತಿದರೆ ನಿಮ್ಮ ಟಿಕೆಟ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಕೆಳಗೆ ಯಾವ ಸರ್ವರ್‌ಗೆ, ಯಾವಾಗ ಶುರು, ಯಾವಾಗ ಮುಗಿಯುತ್ತದೆ ಅಂತ ಇರುತ್ತದೆ. ಕೆಆರ್‌ಬಿಟಿಜಿಟಿ ಅಂತ ಶುರುವಾಗುವ ಸಾಲು ಇದ್ದರೆ ಮೂಲ ಟಿಕೆಟ್ ಇದೆ. ಎಡ್ಜ್‌ನಲ್ಲಿ ಪೋರ್ಟಲ್ ತೆರೆದ ಮೇಲೆ ಮತ್ತೆ ನೋಡಿದರೆ ಎಚ್‌ಟಿಟಿಪಿ, ಓರೆಗೀಟು, ಪೋರ್ಟಲ್ ಹೆಸರು ಇರುವ ಇನ್ನೊಂದು ಸಾಲು ಸೇರಿರಬೇಕು. ಸೇರಿದ್ದರೆ ಪೋರ್ಟಲ್‌ಗೆ ಕರ್ಬರಾಸ್ ನಡೆಯುತ್ತಿದೆ. ಪಟ್ಟಿಯೇ ಖಾಲಿ ಇದ್ದರೆ ಬಹುಶಃ ಡೊಮೇನ್ ಕಂಟ್ರೋಲರ್ ನಿಮಗೆ ಸಿಗುತ್ತಿಲ್ಲ. ಆಗ ವಿಪಿಎನ್ ಕಡೆ ನೋಡಬೇಕು. ಹಳೆಯ ಟಿಕೆಟ್‌ಗಳ ಮೇಲೆ ಅನುಮಾನ ಬಂದರೆ ಕೆಲಿಸ್ಟ್ ಮುಂದೆ ಒಂದು ಸ್ಪೇಸ್ ಬಿಟ್ಟು ಪರ್ಜ್ ಅಂತ ಹಾಕಿದರೆ ಎಲ್ಲ ಅಳಿಸಿಹೋಗುತ್ತವೆ. ವಿಪಿಎನ್ ಇದ್ದಾಗ ಮಾತ್ರ ಇದನ್ನು ಮಾಡಿ, ಹೊಸದು ಸಿಗಬೇಕಲ್ಲ.

ಟಿಕೆಟ್ ಸಿಗದೇ ಇರಲು ಗಡಿಯಾರವೂ ಕಾರಣ ಆಗಬಹುದು. ನಿಮ್ಮ ಲ್ಯಾಪ್‌ಟಾಪ್‌ಗೂ ಡೊಮೇನ್ ಕಂಟ್ರೋಲರ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕರ್ಬರಾಸ್ ಒಪ್ಪುವುದಿಲ್ಲ. ಸಮಯ ಸರಿ ಕಾಣುತ್ತಿದೆ ಅಂತ ಬಿಡಬೇಡಿ, ಟೈಮ್ ಜೋನ್ ಕೂಡ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಅಮೆರಿಕದ ಪೆಸಿಫಿಕ್ ಜೋನ್ ಉಳಿದುಕೊಂಡು, ಯಾರೋ ಗಂಟೆಯನ್ನು ಕೈಯಿಂದ ನಮ್ಮ ಸಮಯಕ್ಕೆ ತಿರುಗಿಸಿದ್ದರೆ, ಪರದೆಯ ಮೂಲೆಯಲ್ಲಿ ಸಮಯ ಸರಿಯಾಗೇ ಕಾಣುತ್ತದೆ. ಆದರೆ ಕರ್ಬರಾಸ್ ನೋಡುವುದು ಯುಟಿಸಿ ಸಮಯವನ್ನು, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯವನ್ನು. ಅದರ ಲೆಕ್ಕದಲ್ಲಿ ನಿಮ್ಮ ಲ್ಯಾಪ್‌ಟಾಪ್ 12 ಗಂಟೆಗೂ ಜಾಸ್ತಿ ಆಚೀಚೆ ಇರುತ್ತದೆ. ಟೈಮ್ ಜೋನ್‌ನಲ್ಲಿ ಯುಟಿಸಿ +5:30 ಇರಲಿ, ಸಮಯವನ್ನು ತಾನಾಗಿ ಹೊಂದಿಸಿಕೊಳ್ಳಲು ಬಿಡಿ.

ಇಷ್ಟಾದ ಮೇಲೆ ಫೈರ್‌ಫಾಕ್ಸ್ ಸರಿ ಮಾಡಬಹುದು. ಇದು ಆಫೀಸ್ ಲ್ಯಾಪ್‌ಟಾಪ್, ಹಾಗಾಗಿ ಐಟಿಯವರಿಗೆ ಒಂದು ಮಾತು ಹೇಳಿಯೇ ಮಾಡಿ. ವಿಳಾಸದ ಜಾಗದಲ್ಲಿ ಅಬೌಟ್, ಕೋಲನ್, ಕಾನ್ಫಿಗ್ ಅಂತ ಸೇರಿಸಿ ಬರೆದು ಎಂಟರ್ ಒತ್ತಿ. ಎಚ್ಚರಿಕೆ ಒಪ್ಪಿಕೊಂಡು ಹುಡುಕುವ ಜಾಗದಲ್ಲಿ ನೆಗೋಶಿಯೇಟ್ ಅಂತ ಹಾಕಿ. ಬರುವ ಸಾಲುಗಳಲ್ಲಿ ಟ್ರಸ್ಟೆಡ್-ಯುಆರ್‌ಐಎಸ್ ಅಂತ ಕೊನೆಯಾಗುವ ಸಾಲು ನಿಮಗೆ ಬೇಕಾದದ್ದು. ಅದಕ್ಕೆ ಪೋರ್ಟಲ್‌ನ ಪೂರ್ತಿ ಹೆಸರು ಕೊಡಿ. ಇನ್ನೊಂದು ಸೈಟ್ ಇದ್ದರೆ ಅಲ್ಪವಿರಾಮ ಹಾಕಿ ಸೇರಿಸಿ. ಪಕ್ಕದಲ್ಲೇ ಡೆಲಿಗೇಶನ್ ಅಂತ ಇನ್ನೊಂದು ಸಾಲು ಕಾಣುತ್ತದೆ, ಅದನ್ನು ಮುಟ್ಟಬೇಡಿ. ಅದು ನಿಮ್ಮ ಪರವಾಗಿ ಬೇರೆ ಸರ್ವರ್‌ಗಳಿಗೂ ಹೋಗುವ ಅಧಿಕಾರ ಕೊಡುತ್ತದೆ. ಆಟೋಮ್ಯಾಟಿಕ್-ಎನ್‌ಟಿಎಲ್‌ಎಂ ಎಂಬ ಸಾಲೂ ಬೇಡ. ಫೈರ್‌ಫಾಕ್ಸ್ ಮುಚ್ಚಿ ತೆರೆದು ಪೋರ್ಟಲ್‌ಗೆ ಹೋಗಿ. ಟಿಕೆಟ್ ಇದ್ದರೆ ಬಾಕ್ಸ್ ಇಲ್ಲದೆ ತೆರೆಯಬೇಕು.

‘ಪದೇ ಪದೇ ಯಾಕೆ, ಎಲ್ಲ ಸೈಟ್‌ಗೂ ಅನ್ವಯಿಸುವ ಹಾಗೆ ಹಾಕಿಬಿಡೋಣ’ ಅಂತ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ಬ್ರೌಸರ್ ಕಂಡಕಂಡ ಸೈಟ್‌ಗೆಲ್ಲ ನಿಮ್ಮ ಗುರುತು ಕೊಡದೆ ಇರುವುದಕ್ಕೆ ಕಾರಣ ಇದೆ. ಕೆಟ್ಟವರು ತಮ್ಮ ಸೈಟ್‌ನಲ್ಲಿ 401 ಕೊಟ್ಟು ಎನ್‌ಟಿಎಲ್‌ಎಂ ಕೇಳಬಹುದು. ನಿಮ್ಮ ಬ್ರೌಸರ್ ಸುಮ್ನೆ ಉತ್ತರ ಕೊಟ್ಟರೆ, ಆ ಉತ್ತರ ಇಟ್ಟುಕೊಂಡು ಅವರು ತಮ್ಮ ಕಂಪ್ಯೂಟರ್‌ನಲ್ಲಿ ನಿಧಾನಕ್ಕೆ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದು. ಅಥವಾ ಆ ಕ್ಷಣದಲ್ಲೇ ಅದನ್ನು ಕಂಪನಿಯ ಬೇರೆ ಸರ್ವರ್‌ಗೆ ದಾಟಿಸಬಹುದು. ಹೆಸರು ಹೆಸರಾಗಿ ಸೇರಿಸುವುದು ಬೇಜಾರಿನ ಕೆಲಸ, ಆದರೆ ಅದೇ ಸರಿ.

ಎಡ್ಜ್ ಮತ್ತು ಕ್ರೋಮ್‌ನಲ್ಲಿ ತೊಂದರೆ ಆಗುವ ಓದುಗರೂ ಇದ್ದಾರೆ, ಅವರಿಗಾಗಿ ಇಷ್ಟು. ವಿಂಡೋಸ್‌ನಲ್ಲಿ ಇವೆರಡೂ ನಂಬಿಕೆಯ ವಿಷಯಕ್ಕೆ ಕಂಟ್ರೋಲ್ ಪ್ಯಾನೆಲ್‌ನ ಇಂಟರ್ನೆಟ್ ಆಪ್ಶನ್ಸ್ ನೋಡುತ್ತವೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿಯಾದರೂ ಅದರ ಈ ಭಾಗ ಇನ್ನೂ ಜೀವಂತವಾಗಿದೆ. ಅಲ್ಲಿ ಲೋಕಲ್ ಇಂಟ್ರಾನೆಟ್ ಅನ್ನುವ ವಲಯಕ್ಕೆ ಸೇರಿದ ಸೈಟ್‌ಗೆ ಮಾತ್ರ ಬ್ರೌಸರ್ ತಾನಾಗಿ ಗುರುತು ತೋರಿಸುತ್ತದೆ. ಚುಕ್ಕಿ ಇಲ್ಲದ ಹೆಸರು, ಅಂದರೆ ಬರೀ ‘ರಜೆ’ ಅನ್ನುವಂಥ ಒಂದೇ ಪದದ ವಿಳಾಸ, ಸಾಮಾನ್ಯವಾಗಿ ಒಳಗಿನದು ಅಂತ ಲೆಕ್ಕ. ಚುಕ್ಕಿ ಇರುವ ಪೂರ್ತಿ ಹೆಸರು ಹೊರಗಿನದು ಅಂತ ಲೆಕ್ಕ, ಅದು ಕಂಪನಿಯದೇ ಆಗಿದ್ದರೂ. ಬುಕ್‌ಮಾರ್ಕ್‌ನಿಂದ ಹೋದರೆ ತೆರೆಯುತ್ತದೆ, ಎಚ್‌ಆರ್ ಮೇಲ್‌ನಲ್ಲಿರುವ ಲಿಂಕ್ ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ ಅಂತ ಜನ ಹೇಳುತ್ತಾರಲ್ಲ, ಹೆಚ್ಚಾಗಿ ಇದೇ ಕಾರಣ. ಪೂರ್ತಿ ಹೆಸರನ್ನು ಆ ವಲಯಕ್ಕೆ ಸೇರಿಸಬೇಕು. ಐಟಿಯವರು ಆಥ್-ಸರ್ವರ್-ಅಲೋಲಿಸ್ಟ್ ಅನ್ನುವ ಪಾಲಿಸಿ ಹಾಕಿದ್ದರೆ ಆ ಪಟ್ಟಿಯೇ ಅಂತಿಮ. ಮ್ಯಾಕ್‌ನಲ್ಲಿ ಈ ವಲಯಗಳೇ ಇಲ್ಲ, ಹಾಗಾಗಿ ಅಲ್ಲಿ ಕ್ರೋಮ್‌ಗೆ ಆ ಪಾಲಿಸಿ ಬೇಕೇ ಬೇಕು.

ಪೋರ್ಟಲ್‌ನ ಐಪಿ ನಂಬರ್ ಹಾಕಿ ತೆರೆದರೂ ಕರ್ಬರಾಸ್ ಸಾಮಾನ್ಯವಾಗಿ ನಡೆಯುವುದಿಲ್ಲ. ಟಿಕೆಟ್ ಸಿಗುವುದು ಹೆಸರಿಗೆ.

‘ಇನ್‌ಕಾಗ್ನಿಟೋದಲ್ಲಿ ತೆರೆದು ನೋಡಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಬೇರೆ ಸೈಟ್‌ಗಳಿಗೆ ಒಳ್ಳೆಯ ಸಲಹೆಯೇ. ಇಂಥ ಸೈಟ್‌ಗೆ ಮಾತ್ರ ದಾರಿ ತಪ್ಪಿಸುತ್ತದೆ. 2020ರಲ್ಲಿ ಬಂದ ಕ್ರೋಮ್ 81ರಿಂದ ಇನ್‌ಕಾಗ್ನಿಟೋ ವಿಂಡೋ ವಿಂಡೋಸ್ ಗುರುತನ್ನು ತಾನಾಗಿ ತೋರಿಸುವುದಿಲ್ಲ. ಫೈರ್‌ಫಾಕ್ಸ್‌ನ ಖಾಸಗಿ ವಿಂಡೋದಲ್ಲೂ ಹಾಗೇ. ಎಲ್ಲ ಸರಿ ಇರುವ ಲ್ಯಾಪ್‌ಟಾಪ್‌ನಲ್ಲೂ ಅಲ್ಲಿ ಬಾಕ್ಸ್ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಇದೆಲ್ಲ ಮಾಡಿಯೂ ಬಾಕ್ಸ್ ಬಂದರೆ, ಅಕೌಂಟ್ ಅನ್‌ಲಾಕ್ ಆಗಿದೆ ಅಂತ ಖಚಿತಪಡಿಸಿಕೊಂಡು ಒಂದೇ ಒಂದು ಸಲ ಹೊಸ ಪಾಸ್‌ವರ್ಡ್ ಹಾಕಿ ನೋಡಿ. ಬರೀ ಯೂಸರ್‌ನೇಮ್ ಹಾಕಬೇಡಿ. ಡೊಮೇನ್ ಹೆಸರು, ಹಿಂದಕ್ಕೆ ಬಾಗಿದ ಓರೆಗೀಟು, ಆಮೇಲೆ ಯೂಸರ್‌ನೇಮ್ ಹೀಗೆ ಪೂರ್ತಿ ಹಾಕಿ. ಬರೀ ಹೆಸರು ಹಾಕಿದರೆ ಯಾವ ಡೊಮೇನ್‌ನವರು ಅಂತ ಸರ್ವರ್ ತಪ್ಪು ತಿಳಿಯಬಹುದು. ಅದೂ ಆಗದಿದ್ದರೆ ತೊಂದರೆ ನಿಮ್ಮ ಕೈಯಲ್ಲಿಲ್ಲ, ಐಟಿಯವರು ಸರಿ ಮಾಡಬೇಕು.

ಎಫ್12ರ ಪರದೆಯಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಬ್ರೌಸರ್ ಕಳಿಸಿದ ಹೆಡರ್‌ಗಳಲ್ಲಿ ಆಥರೈಸೇಶನ್ ಅನ್ನುವ ಸಾಲು ಕಂಡರೆ, ಅದರಲ್ಲಿ ವಿಧಾನದ ಹೆಸರಿನ ಮುಂದೆ ಅರ್ಥವಾಗದ ಉದ್ದನೆಯ ಅಕ್ಷರಮಾಲೆ ಇರುತ್ತದೆ. ಅದು ಇಂಗ್ಲಿಷ್‌ನ ವೈ, ಐ, ಐ ಅಂತ ಶುರುವಾದರೆ ಸಾಮಾನ್ಯವಾಗಿ ಕರ್ಬರಾಸ್ ಟಿಕೆಟ್ ಹೋಗಿದೆ. ಟಿ, ಎಲ್, ಆರ್, ಎಂ ಅಂತ ಶುರುವಾದರೆ ಎನ್‌ಟಿಎಲ್‌ಎಂ ಹೋಗಿದೆ. ಮೊದಲ ನಾಲ್ಕು ಅಕ್ಷರ ಸಾಕು. ಉಳಿದದ್ದನ್ನು ಯಾರಿಗೂ ಕಳಿಸಬೇಡಿ, ಸ್ಕ್ರೀನ್‌ಶಾಟ್‌ನಲ್ಲಿ ಅದನ್ನು ಮುಚ್ಚಿ.

ಟಿಕೆಟ್ ಹೋಗಿಯೂ ಸರ್ವರ್ 401 ಅಂದರೆ ಐಟಿಯವರು ಮೊದಲು ಎಸ್‌ಪಿಎನ್ ನೋಡಬೇಕು. ಪೋರ್ಟಲ್ ಹೆಸರು ಯಾವ ಸರ್ವಿಸ್ ಅಕೌಂಟ್‌ಗೆ ಸೇರಿದ್ದು ಅಂತ ಡೊಮೇನ್‌ನಲ್ಲಿ ದಾಖಲಾಗಿರುವುದು ಅದು. ಸರ್ವರ್ ಬದಲಾಯಿಸಿದಾಗ, ಕೆಲಸವನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಾಕಿದಾಗ ಒಂದೇ ಹೆಸರು ಎರಡು ಅಕೌಂಟ್‌ಗೆ ಸೇರಿಬಿಡುತ್ತದೆ, ಅಥವಾ ಯಾವುದಕ್ಕೂ ಸೇರಿರುವುದಿಲ್ಲ. ಸೆಟ್‌ಎಸ್‌ಪಿಎನ್ ಕಮಾಂಡ್‌ಗೆ ಎಕ್ಸ್ ಆಯ್ಕೆ ಕೊಟ್ಟರೆ ಜೋಡಿ ನಮೂದುಗಳು ಸಿಗುತ್ತವೆ. ಎಚ್‌ಟಿಟಿಪಿ‌ಎಸ್ ಅನ್ನು ನಡುವೆ ಬಿಡಿಸಿ ನೋಡುವ ಪ್ರಾಕ್ಸಿ ಇದ್ದು, ಸರ್ವರ್‌ನಲ್ಲಿ ಎಕ್ಸ್‌ಟೆಂಡೆಡ್ ಪ್ರೊಟೆಕ್ಷನ್ (ಲಾಗಿನ್ ಅದೇ ಸಂಪರ್ಕದಿಂದ ಬಂದದ್ದಾ ಅಂತ ನೋಡುವ ರಕ್ಷಣೆ) ಕಡ್ಡಾಯ ಮಾಡಿದ್ದರೂ ಲಾಗಿನ್ ಮುರಿಯುತ್ತದೆ. ವಿಪಿಎನ್‌ನಲ್ಲಿ ಡೊಮೇನ್ ಕಂಟ್ರೋಲರ್‌ನ 88ನೇ ಪೋರ್ಟ್ ತೆರೆದಿರಬೇಕು. 401 ಬದಲು 400 ಬಂದು ಹೆಡರ್ ತುಂಬಾ ಉದ್ದ ಅಂತ ಹೇಳಿದರೆ ಅದು ಬೇರೆಯೇ ರೋಗ: ನೀವು ಕಂಪನಿಯ ಡೊಮೇನ್‌ನ ತುಂಬಾ ಗ್ರೂಪ್‌ಗಳಲ್ಲಿ ಇದ್ದು, ಟಿಕೆಟ್ ದಪ್ಪವಾಗಿ, ವಿಂಡೋಸ್ ವೆಬ್ ಸರ್ವರ್‌ನ 16 ಕೆಬಿ ಮಿತಿ ದಾಟಿದೆ. ಹಳೆಯ ಉದ್ಯೋಗಿಗಳಿಗೆ ಇದು ಜಾಸ್ತಿ.

ಹೆಲ್ಪ್‌ಡೆಸ್ಕ್‌ಗೆ ‘ಲಾಗಿನ್ ಆಗುತ್ತಿಲ್ಲ’ ಅಂತ ಮಾತ್ರ ಬರೆದರೆ ಮತ್ತೆ ಅನ್‌ಲಾಕ್ ಮಾಡಿ ಕಳಿಸುತ್ತಾರೆ. ಹೀಗೆ ಬರೆಯಿರಿ:

‘ವಿಪಿಎನ್ ಮೂಲಕ, ಪೂರ್ತಿ ಹೆಸರಿನಿಂದ ರಜೆ ಪೋರ್ಟಲ್ ತೆರೆದಾಗ ಫೈರ್‌ಫಾಕ್ಸ್‌ನಲ್ಲಿ 401 ಬರುತ್ತಿದೆ. ಸರ್ವರ್ ನೆಗೋಶಿಯೇಟ್ ಮತ್ತು ಎನ್‌ಟಿಎಲ್‌ಎಂ ಕೇಳುತ್ತಿದೆ. ಎಡ್ಜ್‌ನಲ್ಲಿ ತೆರೆಯುತ್ತದೆ. ಕೆಲಿಸ್ಟ್‌ನಲ್ಲಿ ಪೋರ್ಟಲ್ ಹೆಸರಿನ ಟಿಕೆಟ್ ಇದೆ. ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸಿದ್ದೇನೆ, ವಿಪಿಎನ್ ಮೇಲೆ ಪರದೆ ಲಾಕ್ ಮಾಡಿ ಹೊಸ ಪಾಸ್‌ವರ್ಡ್‌ನಿಂದ ತೆರೆದಿದ್ದೇನೆ. ಈ ಸರ್ವರ್‌ನಲ್ಲಿ ಎನ್‌ಟಿಎಲ್‌ಎಂ ನಿಲ್ಲಿಸಿದ್ದೀರಾ? ನನ್ನ ಅಕೌಂಟ್ ಲಾಕ್ ಆದ ಸಮಯದ 4740 ಈವೆಂಟ್‌ನಲ್ಲಿ ಯಾವ ಯಂತ್ರದ ಹೆಸರಿದೆ?’

ಇದರಲ್ಲಿ ನಿಮಗೆ ಕಂಡದ್ದನ್ನು ಮಾತ್ರ ಬರೆಯಿರಿ, ಟಿಕೆಟ್ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ. ತೊಂದರೆ ಆದ ನಿಖರ ಸಮಯವನ್ನೂ ಸೇರಿಸಿ, ಅವರು ಲಾಗ್ ಹುಡುಕುವುದು ಗಂಟೆ ನಿಮಿಷ ನೋಡಿಯೇ. ಅವರ ಉತ್ತರ ಬರುವ ತನಕ ರಜೆ ಅರ್ಜಿಯನ್ನು ಎಡ್ಜ್‌ನಿಂದಲೇ ಹಾಕಿ.